ಕಡಲಿನ ‘ನಿಂತ ನೀರು’: ಬೇರೆ ಮಾತು ಇದೆಯಾ?

ಎಲ್ಲರಿಗೂ ನಮಸ್ಕಾರ.

ಹೈಸ್ಕೂಲು ಮಕ್ಕಳಿಗೆಂದು ಕಂದು ಕಡಲಪಾಚಿಯ ಬಗ್ಗೆ ಬರೆಯುತ್ತಿದ್ದೇನೆ. ಮೂರು ದಿನದಿಂದ ಒಂದು ಪದದ ಹತ್ತಿರ ಬಂದು ನಿಂತಿದ್ದೇನೆ.

ಉತ್ತರ ಯೂರೋಪಿನ ಬಾಲ್ಟಿಕ್ ಸಮುದ್ರದಲ್ಲಿ ಫ್ಯೂಕಸ್ ವೆಸಿಕ್ಯುಲೋಸಸ್ ಎಂಬ ಕಂದು ಪಾಚಿ ಇದೆ. ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಎರಡೂ ತಮ್ಮ ಲಿಂಗಾಣುಗಳನ್ನು ನೀರಿಗೇ ಬಿಡುತ್ತವೆ, ಅವು ಕೂಡುವುದೂ ನೀರಿನಲ್ಲೇ. ಅಲೆ ಜೋರಾಗಿದ್ದರೆ ಎಲ್ಲ ಚೆದುರಿಹೋಗುತ್ತದೆ ಅಲ್ವಾ? ಅದಕ್ಕೇ ಪಾಚಿ ಕಾಯುತ್ತದೆ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನ ಸಂಜೆ, ನೀರಿನ ಅಲುಗಾಟ ತಗ್ಗಿದಾಗ ಬಿಡುತ್ತದೆ. 1996ರಲ್ಲಿ ವಿಜ್ಞಾನಿ ಎಸ್ಟರ್ ಸೆರಾವ್ ಮತ್ತು ಸಂಗಡಿಗರು ಕಡಲಲ್ಲೇ ಪರೀಕ್ಷಿಸಿ ಇದನ್ನು ಪ್ರಕಟಿಸಿದರು. ಹೆಚ್ಚುಕಡಿಮೆ ಎಲ್ಲ ಅಂಡಗಳೂ ಗಂಡು ಲಿಂಗಾಣುವಿನೊಂದಿಗೆ ಕೂಡಿದ್ದವು!

ಈ ನೀರಿಗೆ ಏನೆನ್ನಬೇಕು? ಮೊದಲು ‘ನಿಂತ ನೀರು’ ಎಂದು ಬರೆದೆ. ಓದಿದರೆ ಹೊಂಡ, ಸೊಳ್ಳೆ ಕಣ್ಮುಂದೆ ಬಂದವು. ‘ಶಾಂತ ಕಡಲು’ ಎಂದರೆ ಮಕ್ಕಳು ಪೆಸಿಫಿಕ್ ಎಂದುಕೊಳ್ಳಬಹುದು, ಅದನ್ನು ಶಾಂತಸಾಗರ ಎಂದೇ ಕಲಿತಿರುತ್ತಾರೆ. ‘ತಿಳಿನೀರು’ ಚೆಂದದ ಮಾತು. ಆದರೆ ಓಡುವ ತೊರೆಯ ನೀರೂ ತಿಳಿಯಾಗಿರುತ್ತದೆ.

ನೀರಿನ ಅಲುಗಾಟ ತಗ್ಗಿದೆ ಎಂದು ಪಾಚಿಗೆ ಗೊತ್ತಾಗುವ ಬಗೆಯನ್ನೂ ನೋಡಿ. ಬಿಸಿಲಿನಲ್ಲಿ ಆಹಾರ ತಯಾರಿಸಲು ಅದು ನೀರಿನಲ್ಲಿ ಕರಗಿದ ಇಂಗಾಲವನ್ನು ಎಳೆದುಕೊಳ್ಳುತ್ತದೆ. ನೀರು ಅಲುಗುತ್ತಿದ್ದರೆ ಹೊಸ ಇಂಗಾಲ ಬರುತ್ತಲೇ ಇರುತ್ತದೆ. ಅಲುಗದಿದ್ದರೆ ಮೈಗೆ ಅಂಟಿದ ತೆಳು ನೀರಿನ ಪದರದಲ್ಲಿ ಇಂಗಾಲ ತೀರುತ್ತಾ ಬರುತ್ತದೆ. ಆ ಕೊರತೆಯೇ ಪಾಚಿಗೆ ಸೂಚನೆ ಎಂಬುದು ವಿಜ್ಞಾನಿಗಳ ವಿವರಣೆ. ಹಾಗಾಗಿ ನಮ್ಮ ಪದ ಕಡಲು ದೂರದಿಂದ ಹೇಗೆ ಕಾಣುತ್ತದೆ ಎಂದು ಹೇಳಿದರೆ ಸಾಲದು. ಗಿಡದ ಮೈಗೆ ತಾಗುವ ನೀರು ಹೇಗಿದೆ ಎಂದು ಹೇಳಬೇಕು. ಸದ್ಯಕ್ಕೆ ‘ಅಲುಗದ ನೀರು’ ಎಂದು ಇಟ್ಟಿದ್ದೇನೆ. ಅದಕ್ಕೆ ಎದುರಾಗಿ ‘ಹೊಯ್ದಾಟ’. ದೋಣಿಗೂ ದೀಪದ ಕುಡಿಗೂ ಹೇಳುವ ಮಾತು ಅದು. ‘ಪ್ರಕ್ಷುಬ್ಧ’ಕ್ಕಿಂತ ಮಕ್ಕಳಿಗೆ ಎಷ್ಟೋ ಹತ್ತಿರ.

ಕಾರವಾರ, ಭಟ್ಕಳ, ಮಲ್ಪೆ ಕಡೆಯವರು ದಯವಿಟ್ಟು ಹೇಳಿ. ಅಲೆ ತಗ್ಗಿ ಕಡಲು ಸುಮ್ನೆ ಬಿದ್ದಿರುವ ಹೊತ್ತಿಗೆ ದೋಣಿಗೆ ಹೋಗುವವರು ಏನನ್ನುತ್ತಾರೆ? ಉಬ್ಬರ ಮತ್ತು ಇಳಿತದ ನಡುವೆ ನೀರು ತಡೆದು ನಿಲ್ಲುತ್ತದಲ್ಲ, ಆ ಮಾತು ಬೇಡ. ಬಾಲ್ಟಿಕ್‌ನಲ್ಲಿ ಉಬ್ಬರ ಇಲ್ಲವೆನ್ನುವಷ್ಟು ಕಡಿಮೆ. ತುಳು, ಕೊಂಕಣಿ ಮಾತಾದರೂ ಸರಿ. ಅದನ್ನು ಯಾವಾಗ, ಯಾವುದಕ್ಕೆ ಹೇಳುತ್ತಾರೆ ಎಂಬುದನ್ನೂ ಜೊತೆಗೆ ಬರೆಯಿರಿ.