ಅಮ್ಮನ ರಕ್ತ ಪರೀಕ್ಷೆಯಲ್ಲಿ ವಿಟಮಿನ್ ಡಿ ಮಟ್ಟ 9 (ng/mL) ಬಂದಿದೆ, ಬಿಸಿಲು ಸಾಕಾ?

ದಾವಣಗೆರೆ ಮಗಳು:
ಅಮ್ಮನಿಗೆ 54. ನೆಲದಿಂದ ಏಳೋಕೆ ಗೋಡೆ ಹಿಡೀಬೇಕು. ಮೊಣಕಾಲ ಕೆಳಗಿನ ಮೂಳೆ ಒತ್ತಿದರೆ ಸಾಕು, ‘ಅಯ್ಯೋ’ ಅಂತಾರೆ. ದಿನಾ ಬೆಳಗ್ಗೆ ಆರೂವರೆಗೆ ರಂಗೋಲಿ ಹಾಕಿ ಎಳೆಬಿಸಿಲಲ್ಲೇ ಕೂರ್ತಾರೆ, ರಾಗಿಮುದ್ದೆ ತಪ್ಪಿಸಲ್ಲ. ಆದರೂ ಯಾಕೆ ಹೀಗೆ?

ನರ್ಸಕ್ಕ:
ಚರ್ಮದಲ್ಲಿ ವಿಟಮಿನ್ ಡಿ ಆಗೋಕೆ ಬೇಕಾದ ಯುವಿ-ಬಿ ಕಿರಣ ಎಳೆಬಿಸಿಲಲ್ಲಿ ತೀರಾ ಕಡಿಮೆ ಕಣಮ್ಮ. ಹೊತ್ತೇರಿದ ಮೇಲೆ, ಹನ್ನೊಂದರ ಸುಮಾರಿಗೆ, ಕೈಕಾಲಿಗೆ ನೇರ ಬಿಸಿಲು ಬೀಳಬೇಕು. ಕಿಟಕಿ ಗಾಜಿನ ಹಿಂದೆ ಕೂತರೆ ಉಪಯೋಗವಿಲ್ಲ. ಆದರೆ 20ಕ್ಕಿಂತ ಕಡಿಮೆಯಿದ್ದರೇ ಕೊರತೆ ಅಂತಾರೆ. 9ಕ್ಕೆ ಬಿಸಿಲೊಂದೇ ಸಾಲದು. ಸಾಮಾನ್ಯವಾಗಿ 60,000 ಯೂನಿಟ್ ವಿಟಮಿನ್ ಡಿ ಸ್ಯಾಶೆ (ಪುಡಿ ಪೊಟ್ಟಣ) ವಾರಕ್ಕೊಂದರಂತೆ ಎಂಟು ವಾರ ಬರೆದುಕೊಡ್ತಾರೆ. ಊಟದ ಜೊತೆ ಕೊಡಿ. ಬೇಗ ವಾಸಿಯಾಗಲಿ ಅಂತ ದಿನಾ ಮಾತ್ರ ಕೊಡಲೇಬೇಡಿ, ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಕಿಡ್ನಿಗೆ ಪೆಟ್ಟು ಬೀಳುತ್ತೆ.

ಹಾಸನದವಳು:
ರಾಗಿಯಲ್ಲಿರೋದು ಕ್ಯಾಲ್ಸಿಯಂ. ಡಿ ಇಲ್ಲದಿದ್ರೆ ಅದು ಕರುಳಿಂದ ಸರಿಯಾಗಿ ಮೈಗೆ ಹತ್ತಲ್ಲ. ಮುಟ್ಟು ನಿಂತ ಮೇಲೆ ಈಸ್ಟ್ರೊಜೆನ್ ಹಾರ್ಮೋನು ಇಳಿದು ಮೂಳೆ ಬೇರೆ ಬೇಗ ಸವೆಯುತ್ತೆ. ‘ವಯಸ್ಸಾಯ್ತಲ್ಲ’ ಅಂತ ನಮ್ಮ ಹೆಂಗಸರ ನೋವನ್ನ ಎಲ್ಲರೂ ತಳ್ಳಿಹಾಕ್ತಾರೆ, ನೀವು ಪರೀಕ್ಷೆ ಮಾಡಿಸಿದ್ದು ಒಳ್ಳೇದಾಯ್ತು. ಡಾಕ್ಟರ ಹತ್ರ ಮೂಳೆ ಎಷ್ಟು ಗಟ್ಟಿ ಇದೆ ಅಂತ ನೋಡೋ ಡೆಕ್ಸಾ ಸ್ಕ್ಯಾನ್ ಬೇಕಾ ಅಂತಲೂ ಕೇಳಿ.

ದಾವಣಗೆರೆ ಮಗಳು:
ಥ್ಯಾಂಕ್ಸ್ ಅಕ್ಕಂದಿರೇ. ಸೋಮವಾರ ಡಾಕ್ಟರನ್ನ ಕಾಣ್ತೀವಿ.