ಒಬ್ಬಳೇ ಹೋಗುವ ಮೊದಲ ಕ್ರೂಸ್: ಯಾವುದನ್ನು ಆರಿಸಲಿ?

ಶಿವಮೊಗ್ಗದಿಂದ ಕೇಳಿದ್ದು

ಎಲ್ಲರಿಗೂ ನಮಸ್ಕಾರ. ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಪಾಠ ಮಾಡುತ್ತಿದ್ದೆ. ಹೋದ ವರ್ಷ ನಿವೃತ್ತಳಾದೆ. ಯಜಮಾನರು ತೀರಿಕೊಂಡು ಆರು ವರ್ಷ ಆಯಿತು. ಮೂವತ್ತು ವರ್ಷ ಮಕ್ಕಳಿಗೆ ಭೂಪಟದಲ್ಲಿ ಸಮುದ್ರ ತೋರಿಸಿದ್ದೇನೆ. ನಾನು ಮಾತ್ರ ದಡದಲ್ಲಿ ನಿಂತು ನೋಡಿದ್ದಷ್ಟೇ. ಒಮ್ಮೆ ಕ್ರೂಸ್ ಹಡಗಿನಲ್ಲಿ ಹೋಗಬೇಕು ಅಂತ ಬಹಳ ದಿನದ ಆಸೆ. ಮಗ ಸೊಸೆಗೆ ರಜೆ ಸಿಗುವುದಿಲ್ಲ. ಗೆಳತಿಯರಿಗೆ ನೀರು ಅಂದರೆ ಭಯ. ಹಾಗಾಗಿ ಒಬ್ಬಳೇ.

ಸಸ್ಯಾಹಾರಿ, ಮೊಟ್ಟೆಯನ್ನೂ ತಿನ್ನುವುದಿಲ್ಲ. ವಿಮಾನದ ಖರ್ಚೂ ಸೇರಿ ಒಂದೂವರೆ ಲಕ್ಷದೊಳಗೆ ಮುಗಿಯಬೇಕು. ಬಸ್ಸಿನಲ್ಲಿ ಆಗುಂಬೆ ಘಾಟಿ ಇಳಿಯುವಾಗಲೇ ನನಗೆ ಹೊಟ್ಟೆ ತೊಳಸುತ್ತದೆ. ಇನ್ನೊಂದು ವಿಷಯ. ಜಾಹೀರಾತಿನಲ್ಲಿ ಇದ್ದ ದರಕ್ಕೂ ಏಜೆಂಟ್ ಒಬ್ಬರು ಹೇಳಿದ ದರಕ್ಕೂ ಹತ್ತಿರ ಹತ್ತಿರ ಎರಡರಷ್ಟು ವ್ಯತ್ಯಾಸ. ಯಾಕೆ ಅಂತ ಕೇಳಿದರೆ ಸರಿಯಾಗಿ ಬಿಡಿಸಿ ಹೇಳಲಿಲ್ಲ. ಒಬ್ಬರೇ ಹೋಗಿ ಬಂದವರು ದಯವಿಟ್ಟು ತಿಳಿಸಿ. ಎಲ್ಲಿಂದ ಹೊರಡಲಿ, ಎಷ್ಟು ದಿನ, ಯಾವ ರೂಮು?

ಮೈಸೂರಿನಿಂದ

ನನಗೆ 66. ಎರಡು ವರ್ಷದ ಹಿಂದೆ ಮುಂಬೈನಿಂದ ಗೋವಾಕ್ಕೆ ಹೋಗಿ ವಾಪಸ್ ಮುಂಬೈಗೆ ಬರುವ ಮೂರು ರಾತ್ರಿಯ ಪ್ರವಾಸಕ್ಕೆ ಒಬ್ಬಳೇ ಹೋಗಿದ್ದೆ. ಕಾರ್ಡೇಲಿಯಾದವರ ಎಂಪ್ರೆಸ್ ಹಡಗು. 1990ರಲ್ಲಿ ಕಟ್ಟಿದ್ದು, 2021ರಿಂದ ನಮ್ಮ ಕಡೆ ಓಡುತ್ತಿದೆ. ಊಟದ ಚಿಂತೆಯೇ ಇರಲಿಲ್ಲ. ಜೈನರ ಊಟವೂ ಸಿಗುವ ಕಡೆ ನಮಗೆ ಏನು ಕಷ್ಟ ಹೇಳಿ.

ಮೊದಲ ಸಂಜೆಯ ಬಗ್ಗೆ ಮಾತ್ರ ಮೊದಲೇ ಹೇಳಿಬಿಡುತ್ತೇನೆ. ಹಡಗು ಹೊರಟಿತು. ಎಲ್ಲರೂ ಮನೆಯವರ ಜೊತೆ ಫೋಟೋ ತೆಗೆಸಿಕೊಳ್ಳುತ್ತಿದ್ದರು. ನಾನು ರೂಮಿಗೆ ಹೋಗಿ ಮಂಚದ ಮೇಲೆ ಕೂತೆ. ಯಾಕಾದರೂ ಬಂದೆನೋ ಅನ್ನಿಸಿತು. ಕಣ್ಣಲ್ಲಿ ನೀರು ಬಂತು. ಮಾರನೆಯ ದಿನ ಐದೂವರೆಗೆ ಎದ್ದು ಮೇಲಿನ ಡೆಕ್‌ಗೆ ಹೋದೆ. ಸುತ್ತ ಎಲ್ಲಿ ನೋಡಿದರೂ ನೀರು. ನೆಲದ ಗೆರೆಯೇ ಇಲ್ಲ. ನಾಲ್ಕೈದು ಜನ ಸುಮ್ನೆ ನಡೆಯುತ್ತಿದ್ದರು. ನಾನೂ ಅವರ ಹಿಂದೆ ನಡೆದೆ. ಮೂರನೆಯ ಸುತ್ತಿಗೆ ಒಬ್ಬ ಹೆಂಗಸು ಮಾತಾಡಿಸಿದರು. ಕೊನೆಯ ತನಕ ತಿಂಡಿ ಅವರ ಜೊತೆಯೇ.

ಅದಕ್ಕೇ ನಾನು ಹೇಳುವುದು, ಎರಡು ರಾತ್ರಿಯದು ಬೇಡ. ಹೊಂದಿಕೊಳ್ಳುವಷ್ಟರಲ್ಲಿ ಇಳಿಯುವ ಹೊತ್ತಾಗುತ್ತದೆ. ಏಳು ರಾತ್ರಿ ಮೊದಲ ಸಲಕ್ಕೆ ಜಾಸ್ತಿ. ಮೂರೋ ನಾಲ್ಕೋ ಇರಲಿ. ಶನಿವಾರ ಭಾನುವಾರ ಸೇರದ ದಿನ ನೋಡಿ. ರಜೆಯ ದಿನಗಳಲ್ಲಿ ಪಾರ್ಟಿ ಮಾಡಲು ಗುಂಪು ಗುಂಪಾಗಿ ಬರುತ್ತಾರೆ. ಒಬ್ಬರೇ ಇರುವವರಿಗೆ ಆಗ ಒಂಟಿತನ ಇನ್ನೂ ಹೆಚ್ಚು.

ಮಂಗಳೂರಿನಿಂದ

ನಮಸ್ಕಾರ ಟೀಚರೇ. ನಾನು ಹನ್ನೊಂದು ವರ್ಷ ಕ್ರೂಸ್ ಹಡಗುಗಳ ಊಟದ ಹಾಲ್‌ನಲ್ಲಿ ಕೆಲಸ ಮಾಡಿದವನು. ಈಗ ಊರಲ್ಲೇ ಇದ್ದೇನೆ. ಪಣಂಬೂರಿಗೆ ವಿದೇಶಿ ಕ್ರೂಸ್ ಬಂತು ಅಂದರೆ ಈಗಲೂ ಹೋಗಿ ನೋಡಿ ಬರುತ್ತೇನೆ.

ಮೊದಲು ದರದ ಲೆಕ್ಕ. ಜಾಹೀರಾತಿನ ದರ ತಲೆಗೆ, ಅದೂ ಒಂದು ರೂಮಿಗೆ ಇಬ್ಬರು ಅನ್ನುವ ಲೆಕ್ಕದಲ್ಲಿ. ಹಡಗಿಗೆ ಮಾರಲು ಇರುವುದು ರೂಮು. ಒಬ್ಬರೇ ಹೋದರೆ ಖಾಲಿ ಮಂಚದ ದುಡ್ಡನ್ನೂ ನಿಮ್ಮಿಂದಲೇ ಕೇಳುತ್ತಾರೆ. ಇದಕ್ಕೆ ಸಿಂಗಲ್ ಸಪ್ಲಿಮೆಂಟ್ ಅನ್ನುತ್ತಾರೆ. ತಲೆಗೆ 25,000 ಅಂತ ಹಾಕಿದ್ದರೆ ನಿಮಗೆ 50,000 ತನಕ ಆಗಬಹುದು. ಆದರೆ ಬಂದರು ಶುಲ್ಕ, ತೆರಿಗೆ, ಟಿಪ್ಸ್ ಸಾಮಾನ್ಯವಾಗಿ ಒಬ್ಬರದ್ದೇ. ಏಜೆಂಟ್ ಅದನ್ನೂ ಸೇರಿಸಿ ಸುಮ್ನೆ ಎರಡರಿಂದ ಗುಣಿಸಿದ್ದರೆ ಬಿಡಬೇಡಿ. ಒಂದೊಂದು ಬಾಬ್ತನ್ನೂ ಬೇರೆ ಬೇರೆ ಬರೆದು ಕೊಡಿ ಅಂತ ಕೇಳಿ. ಹಡಗು ತುಂಬದ ದಿನಗಳಲ್ಲಿ ಈ ಹೆಚ್ಚುವರಿ ದುಡ್ಡನ್ನು ಕೆಲವು ಕಂಪನಿಗಳು ಕಡಿಮೆ ಮಾಡುವುದೂ ಉಂಟು. ಒಬ್ಬರಿಗೇ ಅಂತ ಮಾಡಿದ ಚಿಕ್ಕ ರೂಮುಗಳೂ ಇವೆ. ನಾರ್ವೇಜಿಯನ್ ಕಂಪನಿಯ ಎಪಿಕ್ ಹಡಗಿನಲ್ಲಿ 2010ರಲ್ಲಿ ಅಂಥ 128 ರೂಮು ಮಾಡಿದರು. ಅವರಿಗೇ ಬೇರೆ ಲೌಂಜ್ ಕೂಡ ಇತ್ತು. ನಮ್ಮ ಕಡೆಯಿಂದ ಹೊರಡುವ ಚಿಕ್ಕ ಪ್ರವಾಸಗಳಲ್ಲಿ ಅದನ್ನು ನಂಬಿಕೊಂಡು ಕೂರಬೇಡಿ.

ಇನ್ನು ರೂಮು. ಬಸ್ಸಿನಲ್ಲಿ ಹಿಂದಿನ ಸೀಟು ಹೇಗೆ ಎಗರುತ್ತದೆ, ಮಧ್ಯದ ಸೀಟು ಹೇಗೆ ಸುಮ್ಮನಿರುತ್ತದೆ ಗೊತ್ತಲ್ವಾ? ಹಡಗೂ ಹಾಗೇ. ಉದ್ದದಲ್ಲಿ ನಡುಮಧ್ಯೆ, ಎತ್ತರದಲ್ಲಿ ಕೆಳಗಿನ ಡೆಕ್. ಅಲ್ಲಿ ಓಲಾಟ ಎಲ್ಲಕ್ಕಿಂತ ಕಡಿಮೆ. ಮೇಲಿನ ಡೆಕ್‌ನ ಬಾಲ್ಕನಿ ರೂಮಿಗೆ ದುಡ್ಡು ಜಾಸ್ತಿ, ತೂಗುವುದೂ ಜಾಸ್ತಿ. ಕಿಟಕಿ ಇಲ್ಲದ ಒಳಗಿನ ರೂಮು ಅಗ್ಗ. ಆದರೆ ನಿಮಗೆ ಹೊಟ್ಟೆ ತೊಳಸುತ್ತದೆ ಅಂದಿರಿ. ಹಾಗಾಗಿ ಕಿಟಕಿ ಇರುವುದೇ ತೆಗೆದುಕೊಳ್ಳಿ. ದೂರದ ಗೆರೆ ಕಣ್ಣಿಗೆ ಕಾಣುತ್ತಿದ್ದರೆ ತಲೆ ಅಷ್ಟು ತಿರುಗುವುದಿಲ್ಲ. ಬುಕ್ ಮಾಡುವಾಗ ಹಡಗಿನ ನಕ್ಷೆ ತೋರಿಸುತ್ತಾರೆ. ನಿಮ್ಮ ರೂಮಿನ ಮೇಲೂ ಕೆಳಗೂ ರೂಮುಗಳೇ ಇರಬೇಕು. ಮೇಲೆ ಅಡುಗೆಮನೆಯೋ ಡಾನ್ಸ್ ಹಾಲೋ ಬಂದರೆ ನಿದ್ದೆ ಇಲ್ಲ. ರೂಮ್ ನಂಬರ್ ಆಮೇಲೆ ಕೊಡುತ್ತೇವೆ ಅನ್ನುವ ಅಗ್ಗದ ಟಿಕೆಟ್ ನಿಮಗೆ ಬೇಡ.

ಆವೊಮಿನ್ ಮಾತ್ರೆಯನ್ನು ವಾಂತಿ ಶುರುವಾದ ಮೇಲೆ ತೆಗೆದುಕೊಂಡರೆ ಪ್ರಯೋಜನ ಕಡಿಮೆ, ಹೊರಡುವ ಮುಂಚೆಯೇ ಬೇಕು. ನಿದ್ದೆ ಬರಿಸುತ್ತದೆ. ಬಿಪಿ, ಸಕ್ಕರೆಯ ಮಾತ್ರೆ ನುಂಗುವವರಾದರೆ ನಿಮ್ಮ ಡಾಕ್ಟರನ್ನು ಕೇಳಿಯೇ ತೆಗೆದುಕೊಳ್ಳಿ. ಖಾಲಿ ಹೊಟ್ಟೆ ಮಾತ್ರ ಬೇಡ. ಜೂನ್‌ನಿಂದ ಸೆಪ್ಟೆಂಬರ್ ತನಕ ಅರಬ್ಬಿ ಸಮುದ್ರದ ಕಡೆ ತಲೆಯೇ ಹಾಕಬೇಡಿ.

ಸಿಂಗಾಪುರದಿಂದ

ಮೇಡಂ, ನಾನು ಹಾಸನದವನು. ಇಲ್ಲಿಗೆ ಬಂದು ಒಂಬತ್ತು ವರ್ಷ. ನಮ್ಮ ದೊಡ್ಡಮ್ಮ ಬಂದಾಗ ಅವರನ್ನು ಜೆಂಟಿಂಗ್ ಡ್ರೀಮ್ ಹಡಗಿಗೆ ಒಬ್ಬರನ್ನೇ ಕಳಿಸಿದ್ದೆವು. ನಮಗೆ ರಜೆ ಇರಲಿಲ್ಲ. ಅವರಿಗೆ ಹಿಂದಿ ಇಂಗ್ಲಿಷ್ ಎರಡೂ ಅಷ್ಟಕ್ಕಷ್ಟೇ. ಖುಷಿಯಾಗಿ ಬಂದರು. ಹಡಗಿನಲ್ಲಿ ಭಾರತೀಯ ಸಸ್ಯಾಹಾರ ಸಿಗುತ್ತದೆ. ಭಾರತದಿಂದ ಬರುವವರೂ ಬಹಳ.

ನನ್ನ ಅನುಭವದಲ್ಲಿ ಹಡಗಿಗಿಂತ ಬಂದರು ನೋಡಿ ಆರಿಸಬೇಕು. ಒಬ್ಬರೇ ಹೋದಾಗ ಇದು ದೊಡ್ಡ ವಿಷಯ. ಇಲ್ಲಿಂದ ಹೊರಡುವ ಚಿಕ್ಕ ಪ್ರವಾಸಗಳು ಹೋಗುವುದು ಮಲೇಷ್ಯಾದ ಪೋರ್ಟ್ ಕ್ಲಾಂಗ್, ಪೆನಾಂಗ್ ಥರದ ಬಂದರುಗಳಿಗೆ. ಪೋರ್ಟ್ ಕ್ಲಾಂಗ್‌ನಲ್ಲಿ ಇಳಿದರೆ ಕೌಲಾಲಂಪುರ ಸುಮಾರು 40 ಕಿಲೋಮೀಟರ್ ದೂರ. ಟ್ಯಾಕ್ಸಿ ಹಂಚಿಕೊಳ್ಳಲು ಜೊತೆಗೆ ಯಾರೂ ಇರುವುದಿಲ್ಲ. ಹಡಗಿನವರ ಬಸ್ ಪ್ರವಾಸಕ್ಕೆ ಮತ್ತೆ ದುಡ್ಡು. ಪೆನಾಂಗ್ ಹಾಗಲ್ಲ. ಹಡಗು ಸ್ವೆಟನ್‌ಹ್ಯಾಮ್ ಕಟ್ಟೆಗೆ ಬಂದು ನಿಲ್ಲುತ್ತದೆ. ಗೇಟು ದಾಟಿದರೆ ಜಾರ್ಜ್ ಟೌನ್ ಊರೇ. ನಡೆದುಕೊಂಡು ಲಿಟಲ್ ಇಂಡಿಯಾಕ್ಕೆ ಹೋಗಬಹುದು. ಅಲ್ಲಿ ಮಹಾಮಾರಿಯಮ್ಮನ ಗುಡಿ ಇದೆ. ಬಾಳೆ ಎಲೆ ಊಟ ಸಿಗುತ್ತದೆ. ದೊಡ್ಡಮ್ಮ ಗುಡಿ ನೋಡಿ, ಊಟ ಮಾಡಿ, ಮಲ್ಲಿಗೆ ಹೂವು ಮುಡಿದುಕೊಂಡು ವಾಪಸ್ ಹಡಗು ಹತ್ತಿದರಂತೆ. ಯಾರ ಸಹಾಯವೂ ಬೇಕಾಗಲಿಲ್ಲ. ಜೊತೆಗೆ ಪೆನಾಂಗ್‌ಗೆ ಹಡಗು ಹೋಗುವ ಮಲಕ್ಕಾ ಜಲಸಂಧಿ ಎರಡು ಕಡೆ ನೆಲ ಇರುವ ನೀರು. ತೆರೆದ ಸಮುದ್ರದಷ್ಟು ಅಲೆ ಇರುವುದಿಲ್ಲ. ನಿಮ್ಮ ಹೊಟ್ಟೆಗೂ ಒಳ್ಳೆಯದು.

ಗಮನಿಸಬೇಕಾದ್ದು: ಸಿಂಗಾಪುರ ವೀಸಾ ಒಂದಕ್ಕಿಂತ ಹೆಚ್ಚು ಸಲ ಒಳಗೆ ಬರಲು ಬಿಡುವಂಥದ್ದು ಇರಬೇಕು, ಯಾಕೆಂದರೆ ಹಡಗಿನಿಂದ ವಾಪಸ್ ಇಳಿಯುವುದೂ ಸಿಂಗಾಪುರಕ್ಕೇ. ಮಲೇಷ್ಯಾದ ನಿಯಮವನ್ನು ಟಿಕೆಟ್ ತೆಗೆಯುವ ವಾರ ಮತ್ತೊಮ್ಮೆ ನೋಡಿ. ಪಾಸ್‌ಪೋರ್ಟ್ ಇನ್ನೂ ಆರು ತಿಂಗಳಾದರೂ ಚಾಲ್ತಿಯಲ್ಲಿರಬೇಕು. ಹಡಗು ಹೊರಡುವ ಹಿಂದಿನ ದಿನವೇ ಬಂದುಬಿಡಿ. ವಿಮಾನ ತಡವಾದರೆ ಹಡಗು ಕಾಯುವುದಿಲ್ಲ. ಮರೀನಾ ಸೌತ್ ಪಿಯರ್ ತನಕ ಮೆಟ್ರೋ ಇದೆ, ಕ್ರೂಸ್ ನಿಲ್ದಾಣ ಅಲ್ಲಿಂದ ಹತ್ತಿರ.

ಬೆಂಗಳೂರಿನಿಂದ

ಆಂಟಿ, ನನ್ನದು ಸ್ವಲ್ಪ ಬೇರೆ ಅಭಿಪ್ರಾಯ. ನಿಮಗೆ ಬೇಕಾಗಿರುವುದು ಸಮುದ್ರ ಅಲ್ವಾ? ಹಾಗಿದ್ದರೆ ಕೊಚ್ಚಿಯಿಂದ ಲಕ್ಷದ್ವೀಪ ಆಡಳಿತದವರ ‘ಸಮುದ್ರಂ’ ಪ್ಯಾಕೇಜ್ ನೋಡಿ. ಎಂವಿ ಕವರತ್ತಿ ಹಡಗು. ಐದು ದಿನ. ಕವರತ್ತಿ, ಕಲ್ಪೇನಿ, ಮಿನಿಕಾಯ್ ಮೂರು ದ್ವೀಪ. ಹಗಲು ದ್ವೀಪದಲ್ಲಿ, ರಾತ್ರಿ ಹಡಗಿನಲ್ಲಿ. ದರ ತಲೆಗೆ ಇಷ್ಟು ಅಂತ. ಇಬ್ಬರದ್ದು ಅಥವಾ ನಾಲ್ವರದ್ದು ಕ್ಯಾಬಿನ್ ಹಂಚಿಕೊಳ್ಳುವುದು, ಹಾಗಾಗಿ ಖಾಲಿ ಮಂಚಕ್ಕೆ ದುಡ್ಡು ಕೊಡುವ ಪ್ರಶ್ನೆ ಇಲ್ಲ. ಎಲ್ಲರೂ ಒಟ್ಟಿಗೇ ಇಳಿದು, ಒಟ್ಟಿಗೇ ಊಟ ಮಾಡಿ, ಒಟ್ಟಿಗೇ ಹತ್ತುವುದರಿಂದ ಒಂದೇ ದಿನದಲ್ಲಿ ಪರಿಚಯ ಆಗುತ್ತದೆ. ನಾನು ಒಬ್ಬಳೇ ಹೋಗಿದ್ದೆ. ಮಿನಿಕಾಯ್‌ನಲ್ಲಿ 1885ರ ದೀಪಸ್ತಂಭ ಇದೆ. ಮೇಲಿನಿಂದ ನೋಡಿದಾಗ ದ್ವೀಪ, ಒಳಗಿನ ತಿಳಿ ಹಸಿರು ನೀರು, ಹೊರಗಿನ ಕಪ್ಪು ನೀಲಿ, ಎಲ್ಲ ಒಂದೇ ನೋಟಕ್ಕೆ ಸಿಗುತ್ತದೆ. ಪಾಠದಲ್ಲಿ ಬರುವ ಹವಳದ ದ್ವೀಪ ಇದೇ ಅಂತ ಆವತ್ತು ಅರ್ಥ ಆಯಿತು. ನೀವು ನೋಡಲೇಬೇಕು.

ಕಷ್ಟ ಏನೆಂದರೆ, ಹಡಗು ದ್ವೀಪದ ಹೊರಗೆ ನಿಲ್ಲುತ್ತದೆ. ಅಲ್ಲಿಂದ ಚಿಕ್ಕ ದೋಣಿಗೆ ಇಳಿಯಬೇಕು. ಅಲೆಗೆ ದೋಣಿ ಮೇಲೆ ಕೆಳಗೆ ಆಗುತ್ತಿರುತ್ತದೆ. ಮಂಡಿ ನೋವಿದ್ದರೆ ಯೋಚನೆ ಮಾಡಿ. ಸೌಕರ್ಯವೂ ಸರಳ.

ದುಬೈನಿಂದ

ನವೆಂಬರ್‌ನಿಂದ ಮಾರ್ಚ್ ತನಕ ಇಲ್ಲಿಂದಲೂ ಅಬುಧಾಬಿ, ದೋಹಾ ಕಡೆ ಹಡಗುಗಳು ಹೋಗುತ್ತವೆ. ಸಮುದ್ರ ಶಾಂತ. ಆದರೆ ಹೆಚ್ಚಿನವು ಏಳು ರಾತ್ರಿ. ನಿಮ್ಮ ಬಜೆಟ್‌ಗೆ ಒಬ್ಬರಿಗೇ ಕಷ್ಟ. ಎರಡನೆಯ ಸಲಕ್ಕೆ ಇಟ್ಟುಕೊಳ್ಳಿ.

ಶಿವಮೊಗ್ಗದಿಂದ ಮತ್ತೆ

ಎಲ್ಲರಿಗೂ ಎಷ್ಟು ಧನ್ಯವಾದ ಹೇಳಿದರೂ ಸಾಲದು. ದೀಪಸ್ತಂಭದ ಮಾತು ಕೇಳಿ ಮನಸ್ಸು ಅತ್ತ ಹೋಯಿತು. ಆದರೆ ಎಡ ಮಂಡಿ ಒಪ್ಪುವುದಿಲ್ಲ. ಪೆನಾಂಗ್‌ಗೆ ಹೋಗುವ ಮೂರು ರಾತ್ರಿಯದನ್ನೇ ನೋಡುತ್ತೇನೆ. ಎರಡು ಪ್ರಶ್ನೆ ಉಳಿದಿದೆ. ರಾತ್ರಿ ಊಟಕ್ಕೆ ಒಬ್ಬಳೇ ಕೂರುವುದು ಹೇಗೆ? ಮಗನಿಗೆ ದಿನಾ ಫೋನ್ ಮಾಡಬಹುದಾ?

ಮಂಗಳೂರಿನಿಂದ

ಟೀಚರೇ, ಮೊದಲ ದಿನವೇ ಊಟದ ಹಾಲ್‌ನ ಹೆಡ್ ವೇಟರ್ ಹತ್ತಿರ ಹೋಗಿ, ಒಬ್ಬಳೇ ಬಂದಿದ್ದೇನೆ, ದೊಡ್ಡ ಟೇಬಲ್ಲಿನಲ್ಲಿ ಎಲ್ಲರ ಜೊತೆ ಕೂರಿಸಿ ಅನ್ನಿ. ನಾವು ಅಂಥವರಿಗೆ ಜಾಗ ಮಾಡಿಕೊಡುತ್ತಿದ್ದೆವು. ಮೊಟ್ಟೆ ಬೇಡ ಅನ್ನುವುದನ್ನೂ ಆಗಲೇ ಹೇಳಿ. ಕೇಕ್, ಪುಡಿಂಗ್, ನೂಡಲ್ಸ್‌ನಲ್ಲೆಲ್ಲ ಮೊಟ್ಟೆ ಇರುತ್ತದೆ. ಯಾರ ಜೊತೆಯೂ ಬೇಡ ಅನ್ನಿಸಿದ ದಿನ ಬಫೆಗೆ ಹೋಗಿ ಕಿಟಕಿ ಪಕ್ಕ ಕೂರಿ. ಅಲ್ಲಿ ಯಾರೂ ಯಾರನ್ನೂ ನೋಡುವುದಿಲ್ಲ.

ಹಡಗು ಹೊರಡುತ್ತಿದ್ದ ಹಾಗೆ ಫೋನನ್ನು ಫ್ಲೈಟ್ ಮೋಡ್‌ಗೆ ಹಾಕಿ. ಮರೆತರೆ ಹಡಗಿನ ನೆಟ್‌ವರ್ಕ್ ಹಿಡಿದು ಬಿಲ್ ವಿಪರೀತ ಬರುತ್ತದೆ. ಹಡಗಿನ ವೈಫೈ ಕೊಂಡು ವಾಟ್ಸಾಪ್‌ನಲ್ಲಿ ಒಂದು ಮೆಸೇಜ್ ಹಾಕಿದರೆ ಸಾಕು. ಮತ್ತೆ, ಹತ್ತುವಾಗ ದೊಡ್ಡ ಬ್ಯಾಗ್ ಅವರೇ ತೆಗೆದುಕೊಳ್ಳುತ್ತಾರೆ. ರೂಮಿಗೆ ಬರುವುದು ಸಂಜೆಯಾಗಬಹುದು. ಮಾತ್ರೆ, ಕನ್ನಡಕ, ಒಂದು ಜೊತೆ ಬಟ್ಟೆ ಕೈಚೀಲದಲ್ಲೇ ಇರಲಿ. ಹಡಗಿನ ಡಾಕ್ಟರ್ ಬಹಳ ದುಬಾರಿ, ವಿಮೆ ಇಲ್ಲದೆ ಹತ್ತಬೇಡಿ.

ಶಿವಮೊಗ್ಗದಿಂದ

ಈಗ ಕಪಾಟಿನಿಂದ ಪಾಸ್‌ಪೋರ್ಟ್ ತೆಗೆದು ನೋಡಿದೆ. ಯಜಮಾನರ ಜೊತೆ ಮಾಡಿಸಿದ್ದು. ಇನ್ನು ಎರಡು ತಿಂಗಳಿಗೆ ಅವಧಿ ಮುಗಿಯುತ್ತದೆ. ಹೇಳದಿದ್ದರೆ ಗೊತ್ತೇ ಆಗುತ್ತಿರಲಿಲ್ಲ. ಸೋಮವಾರವೇ ಅರ್ಜಿ ಹಾಕುತ್ತೇನೆ.