ಏರ್ ಇಂಡಿಯಾದ ಹೊಸ ನೇರಳೆ ಬಣ್ಣದ ಬಗ್ಗೆ ಸಹಾಯ ಬೇಕು

ಮಾನ್ಯ ಸದಸ್ಯರಿಗೆ ದಾವಣಗೆರೆಯಿಂದ ನಮಸ್ಕಾರ. 2023ರ ಆಗಸ್ಟ್‌ನಲ್ಲಿ ಏರ್ ಇಂಡಿಯಾ ತನ್ನ ಹೊಸ ಬಣ್ಣವಿನ್ಯಾಸವನ್ನು ಪ್ರಕಟಿಸಿದ ದಿನದಿಂದಲೂ, ಅದನ್ನು ಧರಿಸಿ ಬಂದ ಏರ್‌ಬಸ್ ಎ350-900 ವಿಮಾನದ ಮಾದರಿಯೊಂದನ್ನು ನಾನೇ ತಯಾರಿಸಬೇಕೆಂಬ ಆಸೆ ನನಗಿತ್ತು. ಈಗ 1:144 ಅಳತೆಯ, ಸುಮಾರು 46 ಸೆಂಟಿಮೀಟರ್ ಉದ್ದದ ಮಾದರಿ ಸಿದ್ಧವಾಗಿದೆ; ಬಿಳಿಯ ಮೈಯನ್ನು ಮುಗಿಸಿದ್ದೇನೆ, ಕೆಂಪೂ ಚಿನ್ನದ ಬಣ್ಣವೂ ಹೇಗೋ ಹೊಂದಿಕೊಂಡವು. ತೊಡಕಿರುವುದು ಬಾಲದ ಬದನೆಕಾಯಿ ನೇರಳೆಯಲ್ಲಿ ಮಾತ್ರ.

ಮಂಡಿಪೇಟೆಯ ಅಂಗಡಿಯೊಂದರಲ್ಲಿ ಛಾಯಾಚಿತ್ರ ತೋರಿಸಿ ಬೆರೆಸಿಸಿದ ಬಣ್ಣವು ಒಣಗಿದ ಮೇಲೆ ರಾಗಿಮುದ್ದೆಯ ಬಣ್ಣಕ್ಕೆ ತಿರುಗಿತು. ಮನೆಯಲ್ಲಿ ಕೆಂಪು, ನೀಲಿ ಮತ್ತು ತುಸು ಕಪ್ಪನ್ನು ನಾಲ್ಕು ಪ್ರಮಾಣಗಳಲ್ಲಿ ಬೆರೆಸಿ ಹಳೆಯ ಡಬ್ಬಿಯ ಮುಚ್ಚಳದ ಮೇಲೆ ಬಳಿದು ನೋಡಿದೆ. ಟ್ಯೂಬ್‌ಲೈಟಿನಲ್ಲಿ ಸರಿಯೆನಿಸಿದ್ದು ಅಂಗಳದ ಬಿಸಿಲಿನಲ್ಲಿ ಕುಂಕುಮದಂತೆ ಕಂಡಿತು. ಛಾಯಾಚಿತ್ರಗಳನ್ನಂತೂ ನಂಬುವಂತಿಲ್ಲ, ಒಂದೇ ವಿಮಾನ ಬೆಳಗಿನ ಚಿತ್ರದಲ್ಲಿ ಒಂದು ಬಣ್ಣ, ಸಂಜೆಯ ಚಿತ್ರದಲ್ಲಿ ಇನ್ನೊಂದು. ನಮ್ಮೂರಿನಲ್ಲಿ ವಿಮಾನ ನಿಲ್ದಾಣವೇ ಇಲ್ಲದಿರುವುದರಿಂದ ಎದುರು ನಿಂತು ನೋಡುವ ಭಾಗ್ಯವೂ ನನಗಿಲ್ಲ.

ಆದ್ದರಿಂದ ಈ ವಿಮಾನವನ್ನು ಬೆಂಗಳೂರಿನಲ್ಲಿಯೋ ದೆಹಲಿಯಲ್ಲಿಯೋ ಹತ್ತಿರದಿಂದ ಕಂಡವರು ದಯವಿಟ್ಟು ತಿಳಿಸಿ: ಹಗಲಿನಲ್ಲಿ ಆ ನೇರಳೆಯು ಕೆಂಪಿನತ್ತ ವಾಲುತ್ತದೆಯೇ, ನೀಲಿಯತ್ತ ವಾಲುತ್ತದೆಯೇ, ಮತ್ತು ಅದರಲ್ಲಿ ಲೋಹದ ಮಿನುಗು ಇದೆಯೇ?